ಮುಂಗಡ ಕೊಟ್ಟು ಹೋದವರು

ಗಂಗೋತ್ರಿ ಹನ್ನೊಂದು ವರ್ಷ ಆಂಧ್ರದ ಆದವಾನಿಯಿಂದ ಆಲೂರಿಗೆ ದಿನಾ ಹೋಗಿ ಬಂದವಳು. ಆಲೂರಿನ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವ ಕೆಲಸ. ಮೊದಲ ನಾಲ್ಕು ವರ್ಷ ಬಸ್ಸಿನಲ್ಲಿ ಹೋದಳು, ಆಮೇಲೆ ಸ್ವಂತ ದುಡ್ಡಿನಲ್ಲಿ ಕೊಂಡ ಬೂದು ಬಣ್ಣದ ಆಲ್ಟೊದಲ್ಲಿ. ಈ ಜೂನಿನಲ್ಲಿ ಅವಳಿಗೆ ಆದವಾನಿಗೇ ವರ್ಗವಾಯಿತು. ಹೊಸ ಶಾಲೆ ಮನೆಯಿಂದ ಹತ್ತು ನಿಮಿಷದ ನಡಿಗೆ. ಎಲ್ಲರೂ ಒಳ್ಳೆಯದಾಯಿತು ಎಂದರು.

"ಇನ್ನ ಆ ಗಾಡಿ ಯಾಕವ್ವ? ಬಾಗಿಲ ಮುಂದ ಬಿಸಲಾಗ ನಿಂತು ಹಾಳಾಗತೈತಿ. ಮಾರಿಬಿಡು" ಎಂದಳು ಅವ್ವ ಗುರುಶಾಂತಮ್ಮ.

ಮಾರಬಾರದು ಎನ್ನಲು ಗಂಗೋತ್ರಿಗೆ ಕಾರಣ ಸಿಗಲಿಲ್ಲ. ಕಾರಿನೊಳಗಿನ ಆ ಮುಕ್ಕಾಲು ತಾಸು ಅವಳಿಗೆ ಏನಾಗಿತ್ತು ಎಂಬುದನ್ನು ಅವ್ವನಿಗೆ ಹೇಳಲು ಬರುತ್ತಿರಲಿಲ್ಲ. ಗಾಜು ಏರಿಸಿಕೊಂಡು, ಎರಡೂ ಕಡೆ ಹತ್ತಿ ಹೊಲ ನೋಡುತ್ತ, ಒಬ್ಬಳೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಪಕ್ಕದ ಸೀಟಿನಲ್ಲಿ ಯಾರೋ ಇದ್ದಾರೆ ಎಂಬಂತೆ. ಅವಳಿಗೆ ಈಗ ನಲವತ್ಮೂರು. ಮೂವತ್ತರ ಆಸುಪಾಸಿನಲ್ಲಿ ಒಂದು ನಿಶ್ಚಿತಾರ್ಥ ಆಗಿ ಮುರಿದಿತ್ತು. ಅದಾದ ಮೇಲೆ ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿಹೋದವು, ಕಡೆಗೆ ಕೇಳುವವರೂ ಕಡಿಮೆಯಾದರು.

ಮಾರಾಟಕ್ಕಿದೆ ಎಂದು ಆನ್‌ಲೈನಿನಲ್ಲಿ ಕಾರಿನ ಫೋಟೊ ಹಾಕಿದ ಮೂರನೇ ದಿನಕ್ಕೆ ಫೋನು ಬಂತು. ಭಾನುವಾರ ಹತ್ತು ಗಂಟೆಗೆ ಮನೆಯ ಮುಂದೆ ಆಟೊ ನಿಂತಿತು. ಇಳಿದವನು ಏಕಾಂತಪ್ಪ, ಕೋಸಗಿಯ ಮಂಡಲ ಕಚೇರಿಯಲ್ಲಿ ಸರ್ವೇಯರ್. ನಲವತ್ತರ ಮೇಲಿನ ವಯಸ್ಸು, ಬಿಸಿಲಿನಲ್ಲಿ ಹೊಲ ಅಳೆದು ಅಳೆದು ಕಪ್ಪಾದ ಮುಖ. ಅವನ ಕೈ ಹಿಡಿದುಕೊಂಡು ಎಂಟು ವರ್ಷದ ಮಗಳು ಚಂದನಾ. ಮಗುವಿನ ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ಗಂಡಸಿನ ಕೈಯಲ್ಲಿ ಹಾಕಿದ ಜಡೆ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಕಾರು ಓಡಿಸಿ ನೋಡಲು ಆಲೂರು ರಸ್ತೆಯಲ್ಲಿ ಹೊರಟರು. ಏಕಾಂತಪ್ಪ ಸ್ಟೇರಿಂಗ್ ಹಿಡಿದ, ಗಂಗೋತ್ರಿ ಪಕ್ಕದಲ್ಲಿ ಕೂತಳು, ಚಂದನಾ ಹಿಂದೆ.

"ಕ್ಲಚ್ ಸ್ವಲ್ಪ ಮ್ಯಾಲ ಹಿಡೀತೈತ್ರಿ, ಅದೊಂದ ರೂಢಿ ಆಗಬೇಕು" ಎಂದಳು.

"ಪರವಾಲೇದು ಟೀಚರ್. ರೂಢಿ ಆಕ್ಕೈತಿ" ಎಂದ ಅವನು ತೆಲುಗು ಬೆರೆಸಿ.

ಎರಡು ಸಲ ಗಾಡಿ ನಿಂತುಹೋಯಿತು. ಹಿಂದಿನಿಂದ ಮಗು ಕಿಲಕಿಲ ನಕ್ಕಿತು, ಅವನೂ ನಕ್ಕ. ತನ್ನ ಕಾರಿನಲ್ಲಿ ಮೂರು ಜನ ಕೂತು ನಗುವುದನ್ನು ಗಂಗೋತ್ರಿ ಕೇಳಿದ್ದು ಅದೇ ಮೊದಲು. ಏಳು ವರ್ಷದಲ್ಲಿ ಅವಳು ಎಡಗಡೆಯ ಸೀಟಿನಲ್ಲಿ ಕೂತದ್ದೂ ಅದೇ ಮೊದಲು.

ಮುಂದಿನ ಭಾನುವಾರವೂ ಬಂದರು, ಮೆಕ್ಯಾನಿಕ್ಕಿಗೆ ತೋರಿಸುವುದಕ್ಕೆ. ಅವನು ಟಯರು, ಬ್ಯಾಟರಿ ನೋಡುವಷ್ಟರಲ್ಲಿ ಗುರುಶಾಂತಮ್ಮ ಮಗುವಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟು, ಎದುರಿಗೆ ಕೂರಿಸಿಕೊಂಡು ಎರಡೂ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಹೆಣೆದಳು. ಅವರು ಹೋದ ಮೇಲೆ, "ತಾಯಿ ಇಲ್ಲದ ಕೂಸು ಕಾಣತೈತಿ, ಪಾಪ" ಎಂದಳು. ಕೇಳುವುದು ಸರಿಯಲ್ಲ ಎಂದು ಇಬ್ಬರೂ ಕೇಳಿರಲಿಲ್ಲ. ಅವನೂ ಆ ಮಾತು ತೆಗೆದಿರಲಿಲ್ಲ.

ಮೂರನೇ ಭಾನುವಾರ ವ್ಯಾಪಾರ ಕುದುರಿತು. ಹದಿನೈದು ಸಾವಿರ ಮುಂಗಡ ಕೊಟ್ಟ. ಉಳಿದದ್ದು ಮುಂದಿನ ಭಾನುವಾರ. ಗಂಗೋತ್ರಿ ಬಿಳಿ ಹಾಳೆ ತೆಗೆದು ರಸೀದಿ ಬರೆಯಲು ಕೂತವಳು, ತೆಲುಗಿನಲ್ಲಿ ಬರೆಯಲೇ ಎಂದು ಕೇಳಿದಳು.

"ಕನ್ನಡದಾಗ ಬರೀರಿ. ದಿನಾ ಬೆಳಿಗ್ಗೆಯಿಂದ ಸಂಜಿತನಕ ತೆಲುಗಿನ್ಯಾಗ ಬರ್ಯಾದ ಇರತೈತಿ. ನಾನೂ ಕನ್ನಡ ಸಾಲಿ ಓದಿದಾವ."

ಇಬ್ಬರಿಗೂ ಒಂದೊಂದು ಎಂದು ಅವಳು ಎರಡು ಪ್ರತಿ ಬರೆದಳು. ಅವನು ಓದಿ, ಸಹಿಯನ್ನೂ ಕನ್ನಡದಲ್ಲೇ ಹಾಕಿದ. 'ಕಾ' ಅಕ್ಷರದ ದೀರ್ಘ ಎಳೆಯುವಾಗ ಒಂದು ಕ್ಷಣ ಕೈ ತಡೆಯಿತು. "ಎಷ್ಟೋ ವರ್ಷ ಆತ್ರಿ ಹಿಂಗ ಬರದು" ಎಂದು ಅವಳ ಮುಖ ನೋಡಿದ. ಆ ನೋಟವನ್ನು ಗಂಗೋತ್ರಿ ಇಡೀ ವಾರ ಜೋಪಾನ ಮಾಡಿಕೊಂಡಳು.

ನಾಲ್ಕನೇ ಭಾನುವಾರ ಅವಳು ಬೆಳಿಗ್ಗೆ ಎದ್ದು ಕಾರು ತೊಳೆದಳು. ಹೊಸ ಸೀರೆ ಉಟ್ಟಳು. ಅದನ್ನು ನೋಡಿ ಅವ್ವ ಮಂಡಕ್ಕಿ ನೆನೆಸಿಟ್ಟಳು. ಹತ್ತಾಯಿತು, ಹನ್ನೆರಡಾಯಿತು. ಮಧ್ಯಾಹ್ನ ಫೋನು ಮಾಡಿದರೆ ಸ್ವಿಚ್ ಆಫ್. ಸೋಮವಾರವೂ ಹಾಗೇ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಒಂದೇ ಟಿಕ್ ಬಿದ್ದು ನಿಂತಿತು, ಅವನಿಗೆ ಮುಟ್ಟಲಿಲ್ಲ. ಬುಧವಾರ ಮಂಡಲ ಕಚೇರಿಗೆ ಫೋನು ಹಚ್ಚಿದಳು. "ಸರ್ವೇಯರ್ ಸಾರು ಲೀವ್ ಮ್ಯಾಲ ಅದಾರ. ಎಂದು ಬರ್ತಾರೋ ಗೊತ್ತಿಲ್ರಿ" ಎಂದಿತು ಒಂದು ದನಿ.

ಎದುರು ಮನೆಯ ಶ್ರೀರಾಮುಲು ಹಳೇ ಕಾರುಗಳನ್ನು ಕೊಡಿಸುವ ದಲ್ಲಾಳಿ. ಅವನಿಗೆ ಹೇಳಿದಳು.

"ಇದರಾಗ ಚಿಂತಿ ಏನೈತಿ ಮೇಡಮ್? ಗಾಡಿ ನಿಮ್ಮ ಹತ್ರ ಐತಿ, ಆರ್‌ಸಿ ನಿಮ್ಮ ಹತ್ರ ಐತಿ, ಅಡ್ವಾನ್ಸೂ ನಿಮ್ಮ ಹತ್ರನ ಐತಿ. ಇಂಥಾ ತಾರೀಖಿನೊಳಗ ಬರದಿದ್ರ ಬ್ಯಾರೇದವರಿಗೆ ಕೊಡ್ತೀನಿ ಅಂತ ಮೆಸೇಜ್ ಹಾಕ್ರಿ. ಅದೊಂದು ಕಾಗದ ಇದ್ದಂಗ. ಆಮ್ಯಾಲ ಮಾರ್ರಿ. ಅಷ್ಟೇ ಕದಾ, ಅಲ್ಲೇನ್ರಿ!"

ಅವಳು ಇಪ್ಪತ್ತನೇ ತಾರೀಖು ಎಂದು ಮೆಸೇಜ್ ಹಾಕಿದಳು. ಮತ್ತೆರಡು ಭಾನುವಾರ ಹಾಗೇ ಕಳೆದವು, ಇಪ್ಪತ್ತೂ ಬಂತು, ಹೋಯಿತು. ಇಪ್ಪತ್ತೆರಡಕ್ಕೆ ಶ್ರೀರಾಮುಲು ಹತ್ತಿ ಜಿನ್ನಿಂಗ್ ಮಿಲ್ಲಿನ ಸೂಪರ್‌ವೈಸರ್ ಒಬ್ಬನನ್ನು ಕರೆತಂದ. ಅವನು ಏಕಾಂತಪ್ಪನಿಗಿಂತ ಹೆಚ್ಚಿಗೆ ಕೊಡಲು ತಯಾರಿದ್ದ.

"ಗಾಡಿ ಮಾರಿ ಆಗೈತ್ರಿ" ಎಂದಳು ಗಂಗೋತ್ರಿ.

ಶ್ರೀರಾಮುಲು ಬಾಗಿಲ ಮುಂದೆ ನಿಂತ ಕಾರನ್ನೂ ಅವಳನ್ನೂ ನೋಡಿ, ಮಿಲ್ಲಿನವನನ್ನು ಕರೆದುಕೊಂಡು ಹೋದ. ಮೊನ್ನೆ ಮೊನ್ನೆ ಕಂಡ ಮನುಷ್ಯನಿಗಾಗಿ ಸುಳ್ಳು ಹೇಳಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವತ್ತು ಸಂಜೆ ತಿದ್ದಲು ತಂದ ನೋಟ್‌ಬುಕ್ಕುಗಳು ಕಟ್ಟು ಬಿಚ್ಚದೆ ಹಾಗೇ ಉಳಿದವು. ಅವನಿಗೆ ಅಪಘಾತ ಆಗಿರಬಹುದೇ? ಮಗುವಿನ ಜಡೆ ಈಗ ಯಾರು ಹಾಕುತ್ತಾರೆ? ಈ ಎರಡು ಪ್ರಶ್ನೆಗಳ ಸುತ್ತ ಅವಳ ಮನಸ್ಸು ತಿರುಗಿದ್ದೇ ತಿರುಗಿದ್ದು.

ಮಾರನೇ ಭಾನುವಾರ ರಸೀದಿಯನ್ನೂ ಮುಂಗಡದ ಲಕೋಟೆಯನ್ನೂ ಚೀಲದಲ್ಲಿ ಹಾಕಿಕೊಂಡು ತಾನೇ ಕಾರು ಹತ್ತಿ ಕೋಸಗಿಗೆ ಹೊರಟಳು. ಲಕೋಟೆ ಏಕೆ ತೆಗೆದುಕೊಂಡಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಸ್ಟೇಷನ್ನಿನ ಹತ್ತಿರ ಸರ್ವೇಯರ್ ಮನೆ ಎಂದು ಕೇಳಿದರೆ ಚಹಾದಂಗಡಿಯವನು ಓಣಿ ತೋರಿಸಿದ.

ಬಾಗಿಲು ತೆಗೆದದ್ದು ಒಬ್ಬ ಹೆಂಗಸು. ಮೂವತ್ತೈದರೊಳಗಿನ ವಯಸ್ಸು, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು.

"ಯಾರ್ರಿ? ಯಾರು ಬೇಕಾಗಿತ್ರಿ?"

"ಏಕಾಂತಪ್ಪನವರು..."

"ಹಾಲಿಗೆ ಹೋಗ್ಯಾರ, ಈಗ ಬರ್ತಾರ. ಒಳಗ ಬರ್ರಿ. ನಾ ಅವರ ಮನಿಯಾಕಿ, ಪಲ್ಲವಿ."

ಗಂಗೋತ್ರಿ ಹೊಸ್ತಿಲಲ್ಲೇ ನಿಂತಳು. ಅಷ್ಟರಲ್ಲಿ ಒಳಗಿನಿಂದ ಚಂದನಾ ಓಡಿ ಬಂದಳು. ಜಡೆಗಳೆರಡೂ ನೆಟ್ಟಗಿದ್ದವು.

"ಅವ್ವಾ, ಕಾರ್ ಟೀಚರ್! ಇದ ಆ ಕಾರು! ಮುಂದ ನೀ ಕುಂದ್ರೋ ಜಾಗದಾಗ ಆವತ್ತು ಟೀಚರ್ ಕುಂತಿದ್ರು."

ಪಲ್ಲವಿ ಮಗಳನ್ನು ಗದರಿ, ಕುರ್ಚಿ ಹಾಕಿ, ನೀರು ಕೊಟ್ಟಳು. ಕೇಳದೆಯೇ ಹೇಳತೊಡಗಿದಳು. ಒಂಬತ್ತು ತಿಂಗಳು ಅವಳು ಮಾನವಿಯ ತವರಿನಲ್ಲಿದ್ದಳು. ಜಗಳ ಏನೆಂದು ಬಿಡಿಸಿ ಹೇಳಲಿಲ್ಲ. ಶಾಲೆ ಬಿಡಬಾರದು ಎಂದು ಮಗಳು ಇಲ್ಲೇ ಅಪ್ಪನ ಜೊತೆ ಉಳಿದಳು. "ಕಾರು ತಗೊಂಡು ಬಂದು ಕರಕೊಂಡು ಹೋಗ್ತೀನಿ ಅಂತಿದ್ರು. ನಂಗ ಕಾರು ಯಾಕ ಬೇಕ್ರಿ? ಅಷ್ಟರಾಗ ನಮ್ಮಪ್ಪಗ ಲಕ್ವ ಹೊಡೀತು. ಸುದ್ದಿ ಕೇಳಿ ಇವರು ಆವತ್ತ ಮಗಳನ್ನ ಕರಕೊಂಡು ಬಸ್ ಹತ್ತ್ಯಾರ. ಆ ಗದ್ದಲದಾಗ ಫೋನು ಎಲ್ಲೋ ಬಿತ್ತು. ಹದಿನೆಂಟು ದಿನ ರಾಯಚೂರು ದವಾಖಾನ್ಯಾಗ ಅಪ್ಪನ ಮಗ್ಗಲದಾಗ ಕುಂತ್ರು. ನಮ್ಮಣ್ಣ ಕೂಡಾ ಅಷ್ಟು ಮಾಡಲಿಲ್ಲ. ಈಗ ಅಪ್ಪ ಎದ್ದು ಕುಂದರ್ತಾನ. ನಾನೂ ಬಂದ್ಬಿಟ್ಟೆ."

ಗಂಗೋತ್ರಿ ನೀರು ಕುಡಿದಳು. ಖಾಲಿ ಲೋಟ ಕೆಳಗಿಟ್ಟು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಏಕಾಂತಪ್ಪ ಓಣಿಯ ತಿರುವಿನಲ್ಲಿ ಕಾರು ಕಂಡವನೇ ನಿಂತುಬಿಟ್ಟ. ಹಾಲಿನ ಪಾಕೀಟು ಹಿಡಿದುಕೊಂಡೇ ಮೆಲ್ಲಗೆ ಬಂದ.

"ತಪ್ಪಾತ್ರಿ ಟೀಚರ್. ಮೊನ್ನೆ ಹಳೇ ನಂಬರ್ ಬಂತು, ನಿಮ್ಮ ಮೆಸೇಜ್ ಎಲ್ಲಾ ನೋಡಿದೆ. ರೊಕ್ಕ ದವಾಖಾನಿಗೆ ಆಗಿಹೋತು. ಯಾವ ಮುಖ ಇಟ್ಕೊಂಡು ಫೋನು ಮಾಡ್ಲಿ? ಅಡ್ವಾನ್ಸ್ ನೀವ ಇಟ್ಕೊಳ್ರಿ. ಮಾತು ತಪ್ಪಿದಾವ ನಾನು."

"ಒಂದ ಮಾತು ಹೇಳಬೇಕಿತ್ರಿ. ಬರಂಗಿಲ್ಲ ಅಂತ ಒಂದ ಮಾತು. ನಾ ದಿನಾ ಕಾದೀನಿ."

ಅಂದುಕೊಂಡದ್ದಕ್ಕಿಂತ ದನಿ ಹೆಚ್ಚು ಒಡೆದಿತ್ತು. ಅವನು ತಲೆ ತಗ್ಗಿಸಿದ. ಪಲ್ಲವಿ ಮಾತ್ರ ಅವಳನ್ನೇ ಒಂದು ಗಳಿಗೆ ನೋಡಿ, ಏನೋ ತಿಳಿದವಳಂತೆ, ಚಹಾ ಇಡಲು ಒಳಗೆ ಹೋದಳು.

ಗಂಗೋತ್ರಿ ರಸೀದಿ ತೆಗೆದಳು. ಅದರ ಕೆಳಗೆ, ವ್ಯಾಪಾರ ರದ್ದಾಗಿದೆ, ಮುಂಗಡ ಪೂರ್ತಿ ವಾಪಸ್ ಮುಟ್ಟಿದೆ ಎಂದು ತಾನೇ ಬರೆದಳು. "ಸಹಿ ಮಾಡ್ರಿ. ಇದಿಲ್ಲದ ಬ್ಯಾರೇದವರಿಗೆ ಕೊಡಾಕ ನನಗ ಮನಸ್ಸು ಬರಂಗಿಲ್ಲ." ಲಕೋಟೆ ಮುಂದಿಟ್ಟಳು. ಅವನು ಬೇಡವೆಂದ. "ಮಾವನವರ ಔಷಧಿಗೆ ಆಗತೈತಿ, ಹಿಡೀರಿ" ಎಂದು ಟೀಚರ್ ದನಿಯಲ್ಲಿ ಹೇಳಿದ ಮೇಲೆ ತೆಗೆದುಕೊಂಡ, ಸಹಿ ಮಾಡಿದ.

ಚಂದನಾ ಕಾರಿನ ಬಾಗಿಲಿಗೆ ಜೋತುಬಿದ್ದಿದ್ದಳು. "ಅವ್ವಾ, ಒಮ್ಮಿ ಕುಂದ್ರು ಬಾ."

ಗಂಗೋತ್ರಿ ಚೀಲದಿಂದ ಕೀಲಿ ತೆಗೆದು ಏಕಾಂತಪ್ಪನ ಕೈಗಿಟ್ಟಳು. "ಮೂರೂ ಮಂದಿ ಒಂದ ಸುತ್ತು ಹೋಗಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ."

ಅವರು ಹೋದರು. ಪಲ್ಲವಿ ಮುಂದೆ ಕೂತಿದ್ದಳು, ಮಗು ಹಿಂದಿನ ಕಿಟಕಿಯಿಂದ ಕೈ ಹೊರಗೆ ಚಾಚಿತ್ತು. ಓಣಿಯ ಕೊನೆಯಲ್ಲಿ ಒಮ್ಮೆ ಗಾಡಿ ನಿಂತು ಮತ್ತೆ ಹೊರಟಿತು. ಗಂಗೋತ್ರಿ ಅವರ ಮನೆಯ ಕಟ್ಟೆಯ ಮೇಲೆ ಕೂತಳು. ಒಳಗೆ ಸಣ್ಣ ಉರಿಯಲ್ಲಿ ಚಹಾ ಕುದಿಯುತ್ತಿತ್ತು, ಎದ್ದು ಹೋಗಿ ಆರಿಸಿ ಬಂದಳು. ಹಗ್ಗದ ಮೇಲೆ ಮೂವರ ಬಟ್ಟೆ ಒಣಗುತ್ತಿದ್ದವು. ಅವಳ ಕಣ್ಣು ತುಂಬಿದವು. ಯಾರೂ ಇಲ್ಲದ್ದರಿಂದ ಒರೆಸಿಕೊಳ್ಳುವ ಅವಸರ ಇರಲಿಲ್ಲ. ಹದಿನೈದು ನಿಮಿಷಕ್ಕೆ ಅವರು ತಿರುಗಿ ಬಂದಾಗ ಅವಳು ಎದ್ದು ನಿಂತು ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದಳು. ಗುರುಶಾಂತಮ್ಮ ಕೇಳಿ, "ಚಲೋ ಆತು, ಕೂಸಿಗೆ ತಾಯಿ ಅದಾಳ" ಎಂದಳು.

"ಅವ್ವಾ, ನಾ ಕಾದದ್ದು ರೊಕ್ಕಕ್ಕಲ್ಲ."

"ನಂಗ ಗೊತ್ತೈತವ್ವ. ನಾನೂ ಮೂರು ಐತವಾರ ಮಂಡಕ್ಕಿ ನೆನಸಿಟ್ಟೀನಲ್ಲ." ಅಷ್ಟು ಹೇಳಿ ಅವ್ವ ಮಗಳ ತಲೆಯ ಮೇಲೆ ಕೈಯಾಡಿಸಿದಳು. ಎಷ್ಟೋ ವರ್ಷಗಳಿಂದ ಹಾಗೆ ಮಾಡಿರಲಿಲ್ಲ.

ಜಿನ್ನಿಂಗ್ ಮಿಲ್ಲಿನವನು ಅಷ್ಟರಲ್ಲಿ ಬೇರೆ ಗಾಡಿ ಕೊಂಡಿದ್ದ. ಸೆಪ್ಟೆಂಬರಿನಲ್ಲಿ ಶ್ರೀರಾಮುಲು ಭವಾನಿ ಎಂಬ ನರ್ಸನ್ನು ಕರೆತಂದ. ಆದವಾನಿಯಿಂದ ಆಲೂರಿಗೆ ಹೋಗಿ ಬರುವವಳು, ಒಂಟಿ ಹೆಂಗಸು. ಒಂದೇ ದಿನದಲ್ಲಿ ಪೂರ್ತಿ ಹಣ ಕೊಟ್ಟು ಕಾಗದ ಮಾಡಿಸಿಕೊಂಡಳು. ಗಂಗೋತ್ರಿ ಅವಳಿಗೆ ರಸ್ತೆಯ ಗುಂಡಿಗಳು ಎಲ್ಲೆಲ್ಲಿವೆ ಎಂದು ಹೇಳಿಕೊಟ್ಟಳು.

ಈಗ ಅವಳು ಶಾಲೆಗೆ ನಡೆದು ಹೋಗುತ್ತಾಳೆ. ಭಾನುವಾರ ಹತ್ತರ ಸುಮಾರಿಗೆ ಓಣಿಯಲ್ಲಿ ಆಟೊ ನಿಂತ ಸದ್ದಾದರೆ ಕೈಯಲ್ಲಿದ್ದ ಕೆಲಸ ಒಂದು ಕ್ಷಣ ನಿಲ್ಲುತ್ತದೆ. ಪಕ್ಕದ ಮನೆಯವರು ಯಾರೋ ಇಳಿದು ಹೋಗುತ್ತಾರೆ. ಅವಳು ಮತ್ತೆ ನೋಟ್‌ಬುಕ್ಕಿನ ಮೇಲೆ ಬಗ್ಗುತ್ತಾಳೆ.