ಗಂಟೆ ನಿಲ್ಲಿಸಲ್ಲ ಸರ್

ಎಂಡೋಸ್ಕೋಪಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಹಿರಿಯ ನರ್ಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಆಕೆಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯ ವೈದ್ಯರೂ ಸಹ. ರೋಬೋಟ್ ಬಂದ ದಿನ ಅಕ್ಕ ಮೂಗು ಮುರಿದಿದ್ದಳು. ಕರುಳಿನೊಳಗೆ ಕ್ಯಾಮೆರಾ ಕೊಳವೆ ತಳ್ಳುವುದು ಇನ್ನು ಕಬ್ಬಿಣದ ತೋಳಿನ ಕೆಲಸವಂತೆ! ಆದರೆ ಅದನ್ನು ರೂಪಿಸಿದ ಎಂಜಿನಿಯರ್ ಹುಡುಗಿ ಕೊಳವೆಯಲ್ಲಿ ಬಲ ಅಳೆಯುವ ಸೆನ್ಸರ್ ಇಟ್ಟಿದ್ದಾಳೆಂದು ತಿಳಿದ ಮೇಲೆ ಸಿಟ್ಟು ಇಳಿಯಿತು. ಕರುಳಿನ ಗೋಡೆಗೆ ಒತ್ತು ಗೊತ್ತುಮಾಡಿದ ಮಿತಿ ಮೀರಿದರೆ ಪರದೆಯ ಅಂಕಿ ಕೆಂಪಾಗಿ, ಗಂಟೆ ಹೊಡೆದು, ತೋಳು ತಾನೇ ನಿಲ್ಲುತ್ತಿತ್ತು.

ಆ ಬೆಳಿಗ್ಗೆ ಪ್ರದರ್ಶನ. ಕೋಣೆ ತುಂಬ ಬೇರೆ ಆಸ್ಪತ್ರೆಗಳ ವೈದ್ಯರು. ಮೇಜಿನ ಮೇಲೆ ಅರೆನಿದ್ದೆಯಲ್ಲಿ ಒಬ್ಬ ನಿವೃತ್ತ ಬಸ್ ಚಾಲಕ. ಗಂಟೆ ಹೊಡೆಯಿತು. ಮುಖ್ಯ ವೈದ್ಯರು ಮತ್ತೆ ತಳ್ಳಿಸಿದರು, ಮತ್ತೆ ಗಂಟೆ. ಮೂರನೆಯ ಸಲ ಅತಿಥಿಗಳಲ್ಲಿ ಯಾರೋ ಕಿಸಕ್ಕೆಂದರು.

"ಅಕ್ಕ, ಆ ಗಂಟೆ ನಿಲ್ಲಿಸಿ. ಮಿತಿ ತೆಗೆದುಬಿಡಿ."

"ಆಗಲ್ಲ ಸರ್."

"ಏನಂದ್ರಿ?"

"ಪೇಷೆಂಟ್ ಮುಖ ನೋಡಿ, ನೋವಾಗ್ತಿದೆ. ಕೊಳವೆ ಒಳಗೆ ಸುತ್ತಿಕೊಂಡಿದೆ. ತಳ್ಳಿದಷ್ಟೂ ಕರುಳು ಹಿಗ್ಗುತ್ತೆ. ಹಿಂದಕ್ಕೆ ಎಳೀರಿ."

"ಇಲ್ಲಿ ಡಾಕ್ಟರ್ ಯಾರು, ನಾನೋ ನೀವೋ?"

"ನೀವೇ. ಅದಕ್ಕೇ ನಿಮಗೆ ಹೇಳ್ತಿರೋದು, ಗೋಡೆಗಲ್ಲ."

ಅವರು ಪರದೆಯ ಬಳಿ ನಿಂತಿದ್ದ ಎಂಜಿನಿಯರ್ ಕಡೆ ತಿರುಗಿದರು. ಆಕೆಯ ನಾಲ್ಕು ವರ್ಷದ ದುಡಿಮೆ ಈ ಒಂದು ಬೆಳಿಗ್ಗೆಯ ಮೇಲೆ ನಿಂತಿತ್ತು.

"ನಾನೂ ತೆಗೆಯಲ್ಲ ಸರ್," ಎಂದಳು.

ಮುಖ್ಯ ವೈದ್ಯರು ಹಲ್ಲು ಕಚ್ಚಿಕೊಂಡು ಕೊಳವೆಯನ್ನು ಹಿಂದೆಗೆದರು. ಅಕ್ಕ ಚಾಲಕನ ಮಗ್ಗುಲು ಬದಲಿಸಿ ಹೊಟ್ಟೆಯ ಮೇಲೆ ಅಂಗೈ ಊರಿದಳು. ಅಂಕಿ ಇಳಿಯಿತು, ಕೊಳವೆ ಸಲೀಸಾಗಿ ಮುಂದೆ ಸರಿಯಿತು. ಅಷ್ಟು ಹೊತ್ತು ಒತ್ತಿದ್ದ ತಿರುವಿನಲ್ಲಿ, ಹಳೆಯ ಹುಣ್ಣಿನಿಂದ ತೆಳುವಾದ ಗೋಡೆ ಪರದೆಯಲ್ಲಿ ಕಂಡಿತು. ಈಗ ಯಾರೂ ನಗಲಿಲ್ಲ.

ಆದರೂ ಮಧ್ಯಾಹ್ನ ಕಚೇರಿಯಿಂದ ಕರೆ ಬಂತು: ಅತಿಥಿಗಳ ಮುಂದೆ ಎದುರು ಮಾತಾಡಿದ್ದಕ್ಕೆ ಕ್ಷಮಾಪಣೆ ಪತ್ರ ಕೊಡಬೇಕು. ಅಕ್ಕ ಹೋಗಿ ಅಲ್ಲೇ ಕುಳಿತು ಬರೆದಳು: 'ಮೂರು ಸಲ ಮಿತಿ ಮೀರಿತು. ಮಿತಿ ತೆಗೆಯಲು ಹೇಳಿದರು. ತೆಗೆಯಲಿಲ್ಲ. ನಾಳೆ ಹೇಳಿದರೂ ತೆಗೆಯುವುದಿಲ್ಲ.'

"ಇದರಲ್ಲಿ ಕ್ಷಮೆ ಎಲ್ಲಿದೆ?" ಎಂದರು ಪತ್ರ ಓದಿದ ಮುಖ್ಯ ವೈದ್ಯರು.

"ನಾನೂ ಹುಡುಕಿದೆ ಸರ್, ಸಿಗಲಿಲ್ಲ."

ಅವಳನ್ನು ಒಂದು ತಿಂಗಳು ವಾರ್ಡಿನ ಕೆಲಸಕ್ಕೆ ಹಾಕಿದರು. ಅಕ್ಕ ಹೋದಳು, ಪತ್ರದ ನಕಲನ್ನು ಆಸ್ಪತ್ರೆಯ ಸುರಕ್ಷತಾ ಸಮಿತಿಗೆ ಕೈಯಾರೆ ಕೊಟ್ಟು, ತಲುಪಿದ್ದಕ್ಕೆ ಮುದ್ರೆ ಒತ್ತಿಸಿಕೊಂಡೇ ಹೋದಳು. ಎಂಜಿನಿಯರ್ ಅದರ ಕೆಳಗೆ ತನ್ನ ಸಹಿಯನ್ನೂ ಹಾಕಿದ್ದಳು. ಮೂರನೆಯ ವಾರ ಸಮಿತಿ ತೀರ್ಮಾನಿಸಿತು: ರೋಗಿ ಮೇಜಿನ ಮೇಲಿರುವಾಗ ಮಿತಿಯನ್ನು ಯಾರೂ ಮುಟ್ಟುವಂತಿಲ್ಲ.

ಕ್ಷಮಾಪಣೆ ಇನ್ನೂ ಬಾಕಿಯಿದೆ ಎಂದು ಕಚೇರಿಯವರು ಫೋನ್ ಮಾಡಿದರು.

"ಕಾಯ್ತಾ ಇರಿ," ಎಂದು ಅಕ್ಕ ಫೋನಿಟ್ಟು, ಏಳನೇ ಹಾಸಿಗೆಯವರ ಜ್ವರ ನೋಡಲು ನಡೆದಳು.