ಮರೆಯ ಹಿಂದೆ ಬಿದ್ದ ಹದಿನೇಳು

ಗಾಜಿನ ಮೇಜಿನ ಮೇಲೆ ದಾಳ ಎರಡು ಸಲ ಪುಟಿದು ನಿಂತಿತು. ಬಹಳ ಸಣ್ಣ ಸದ್ದು. ರಾತ್ರಿ ಹನ್ನೆರಡೂವರೆ ದಾಟಿ, ಕೆಳಗಿನ ಹೋಟೆಲಿನ ಶಟರ್ ಇಳಿದು, ಬಹರೇನಿನ ಗುದೈಬಿಯಾದ ಗಲ್ಲಿಯಲ್ಲಿ ಹಾರ್ನುಗಳು ಕಡಿಮೆಯಾದ ಮೇಲೆ ಮಾತ್ರ ಕೇಳಿಸುವಷ್ಟು ಸಣ್ಣದು. ಮೇಜಿನ ಆಚೆ ಕುಳಿತ ಮೂವರಿಗೂ ಅದು ಕೇಳಿಸಿತು. ಅಂಕಿ ಕಂಡದ್ದು ನನಗೊಬ್ಬಳಿಗೆ. ನನ್ನ ಮುಂದೆ ಹಳೆಯ ಕ್ಯಾಲೆಂಡರಿನ ರಟ್ಟನ್ನು ಮಡಚಿ ಮಾಡಿದ ಮರೆ ನಿಂತಿತ್ತು.

ಎರಡು ಬಿದ್ದಿತ್ತು. ಇಪ್ಪತ್ತು ಮುಖದ ದಾಳದಲ್ಲಿ, ಆಟದಲ್ಲಿ ಎದ್ದ ಅಂಥ ಬಿರುಗಾಳಿಯಲ್ಲಿ, ಎರಡು ಎಂದರೆ ಸಾವು.

"ಹನ್ನೆರಡು" ಎಂದೆ. "ಅಲೆ ನಿನ್ನನ್ನು ಹಡಗಿನ ಮಗ್ಗುಲಿಗೆ ತಂದು ಎಸೆಯಿತು. ಹಗ್ಗ ಕೈಗೆ ಸಿಕ್ಕಿತು."

ಪ್ರೀತಮ್ ಕುರ್ಚಿಗೆ ಒರಗಿದ. ಸಿರಾಜ್ ನಕ್ಕ. "ಅಕ್ಕ, ನಿಮ್ಮ ಸಮುದ್ರದಲ್ಲಿ ಯಾರೂ ಸಾಯುದೇ ಇಲ್ಲ ಅಲ್ವಾ? ಎರಡು ವರ್ಷ ಆಯ್ತು. ಪೋರ್ಚುಗೀಸರಿಗೆ ಫಿರಂಗಿ ಉಂಟು, ಗುರಿ ಇಲ್ಲ."

"ನಿಮಗೆ ಸಾಯ್ಬೇಕಾ? ಸಾಯಿರಿ" ಎಂದಳು ಅವನ ಹೆಂಡತಿ ಮುಹ್ಸಿನಾ. "ನಿಮ್ಮ ಪಾಲಿನ ಅಕ್ಕಿ ನಾನು ಮಾರ್ತೇನೆ."

ನಮ್ಮ ಆಟವೆಂದರೆ ಇಷ್ಟೆ. ನಾಲ್ಕೂವರೆ ಶತಮಾನದ ಹಿಂದೆ ಬಸ್ರೂರಿನಿಂದ ಅಕ್ಕಿ ತುಂಬಿಕೊಂಡು ಪರ್ಶಿಯಾ ಕೊಲ್ಲಿಯ ಹೊರ್ಮುಜಿಗೆ ಹೊರಟ ಒಂದು ಹಡಗು. ಸಿರಾಜ್ ಅದರ ವ್ಯಾಪಾರಿ. ಹಗಲಿನಲ್ಲಿ ಮನಾಮಾದ ಸೂಕ್ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಮುಹ್ಸಿನಾ ಗಂಡಸಿನ ವೇಷದಲ್ಲಿ ಹಡಗು ಹತ್ತಿದ ವಿಧವೆ. ಪ್ರೀತಮ್ ದಾರಿ ಬಲ್ಲ ಮಾಲುಮಿ. ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಅವರು ಬಾಯಲ್ಲಿ ಹೇಳುತ್ತಾರೆ, ಆಗುವುದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಉಳಿದದ್ದೆಲ್ಲ ನಾನು: ಗಾಳಿ, ಸುಂಕದವರು, ಪೋರ್ಚುಗೀಸರ ಕಪ್ತಾನ, ಸಮುದ್ರ. ಮಂಗಳೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಇಲ್ಲಿ ಒಂದು ಕಚೇರಿಯಲ್ಲಿ ಫೈಲು ನೋಡಿಕೊಳ್ಳುತ್ತೇನೆ. ಓದಿದ್ದು ಕೆಲಸಕ್ಕೆ ಬರುವುದು ಗುರುವಾರ ರಾತ್ರಿ ಮಾತ್ರ. ವಾರದಲ್ಲಿ ಭಯವಿಲ್ಲದೆ ಮಾತಾಡುವುದೂ ಆಗ ಮಾತ್ರ.

ಮುಖ್ಯವಾದ ದಾಳವನ್ನು ಮರೆಯ ಹಿಂದೆ ನಾನೇ ಉರುಳಿಸಬೇಕು ಎಂಬುದು ಮೊದಲ ವಾರವೇ ಮಾಡಿಕೊಂಡ ನಿಯಮ. ಆ ನಿಯಮದ ನೆರಳಿನಲ್ಲಿ ನಾನು ಎಷ್ಟು ಸಲ ಸುಳ್ಳು ಹೇಳಿದ್ದೇನೋ ಲೆಕ್ಕವಿಲ್ಲ. ಯಾರಾದರೂ ಸಾಯುವಂತಾದಾಗ ಬಾಯಿಗೆ ಬೇರೆ ಅಂಕಿ ಬರುತ್ತದೆ. ಆಟ ನಡೆಸುವವರು ಅಷ್ಟಿಷ್ಟು ಹೀಗೆ ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಇನ್ನೊಂದು ರೂಢಿಯಿತ್ತು. ಆಟ ಮುಗಿದ ಮೇಲೆ ಒಬ್ಬರು ಒಂದು 'ಹೊರಗಿನ ಪ್ರಶ್ನೆ' ಕೇಳಬಹುದು, ಅಂದರೆ ತಮ್ಮ ನಿಜವಾದ ಬದುಕಿನದು. ತಮಾಷೆಗೆ ಶುರುವಾದದ್ದು. ಸೋಫಾ ಬದಲಿಸುವುದೋ ಬೇಡವೋ, ಅತ್ತೆಗೆ ಫೋನ್ ಮಾಡುವುದೋ ಬೇಡವೋ. ಬೇಕಾದವರು ಬಾಯಿಬಿಟ್ಟು ಕೇಳಬಹುದು, ಬೇಡವಾದವರು ಚೀಟಿ ಬರೆದು ನನಗೆ ಮಾತ್ರ ಕೊಡಬಹುದು. ಹತ್ತು ದಾಟಿದರೆ ಹೌದು. ದಾಳ ಹೇಳಿದ್ದನ್ನು ಮಾಡಲೇಬೇಕು, ಎರಡನೇ ಸಲ ಉರುಳಿಸುವಂತಿಲ್ಲ. ಮುಹ್ಸಿನಾ ಡ್ರೈವಿಂಗ್ ಕಲಿತದ್ದು ಹಾಗೆಯೇ. ಎರಡು ಸಲ ಫೇಲಾಗಿ, ಅತ್ತು, ಮೂರನೇ ಸಲಕ್ಕೆ ಲೈಸೆನ್ಸ್ ತಂದಳು. ಆಮೇಲೆ ನಾವೆಲ್ಲ ಆ ದಾಳವನ್ನು ಸ್ವಲ್ಪ ನಂಬತೊಡಗಿದೆವು.

ಆ ರಾತ್ರಿ ಪ್ರೀತಮ್ ಚೀಟಿ ಬರೆದ.

"ಎಂತ ಮಾರಾಯ ಅಷ್ಟುದ್ದ?" ಎಂದ ಸಿರಾಜ್. "ಆಸ್ತಿ ಬರ್ದು ಕೊಡ್ತಾ ಇದ್ದಿಯಾ?"

"ನೀನು ಸುಮ್ಮನೆ ಕೂತ್ಕೊ."

ಚೀಟಿಯಲ್ಲಿ ಹೀಗಿತ್ತು: 'ಸ್ಕಾಫೋಲ್ಡಿಂಗ್ ರಿಪೋರ್ಟನ್ನು ನಾಳೆ ಕನ್ಸಲ್ಟೆಂಟಿಗೆ ಕಳಿಸುವುದೋ? ಹತ್ತು ದಾಟಿದರೆ ಕಳಿಸ್ತೇನೆ. ಇಲ್ಲದಿದ್ದರೆ ಮರೆತುಬಿಡ್ತೇನೆ.'

ನನಗೆ ವಿಷಯ ಗೊತ್ತಿತ್ತು. ಪ್ರೀತಮ್ ಒಂದು ಕಟ್ಟಡದ ಕೆಲಸದಲ್ಲಿ ಸೇಫ್ಟಿ ಆಫೀಸರ್. ಹಿಂದಿನ ವಾರ ಬೇಗ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ್ದ. ಸಮುದ್ರದ ಕಡೆಯ ಗೋಡೆಗೆ ಕಟ್ಟಿದ ಕಬ್ಬಿಣದ ಅಟ್ಟಣಿಗೆ, ಅದೇ ಸ್ಕಾಫೋಲ್ಡಿಂಗ್, ಅದನ್ನು ಗೋಡೆಗೆ ಬಿಗಿದ ಕೊಂಡಿಗಳಲ್ಲಿ ಅರ್ಧದಷ್ಟನ್ನು ಪ್ಲಾಸ್ಟರಿಂಗಿಗೆ ಅಡ್ಡವೆಂದು ಬಿಚ್ಚಿಹಾಕಿದ್ದಾರೆ. ಆದರೂ 'ಹತ್ತಬಹುದು' ಎನ್ನುವ ಹಸಿರು ಟ್ಯಾಗ್ ಹಾಗೇ ತೂಗುತ್ತಿದೆ. ಮ್ಯಾನೇಜರನಿಗೆ ಹೇಳಿದರೆ, ಮೂರು ವಾರದ ಕೆಲಸ, ಸುಮ್ಮನಿರು ಎಂದನಂತೆ. ಅವನನ್ನು ದಾಟಿ ಮೇಲಿನ ಕನ್ಸಲ್ಟೆಂಟಿಗೆ ಬರೆಯಬೇಕು. ಹಾಗೆ ಬರೆದ ಹಿಂದಿನ ಆಫೀಸರ್ ವೀಸಾ ಕ್ಯಾನ್ಸಲ್ ಆಗಿ, ಎಂಟು ದಿನದಲ್ಲಿ ಊರಿಗೆ ಹೋದ.

ಪ್ರೀತಮನ ಹೆಂಡತಿ ಅನಿಷಾಗೆ ಏಳು ತಿಂಗಳು. ದಿನಾ ಮಧ್ಯಾಹ್ನ ನನಗೆ ಫೋನ್ ಮಾಡುತ್ತಾಳೆ. "ಅಕ್ಕ, ಇವರ ತಲೆಯಲ್ಲಿ ಎಂತದೋ ಉಂಟು. ನನ್ನ ಹತ್ರ ಹೇಳುದಿಲ್ಲ. ನಿಮ್ಮ ಹತ್ರ ಹೇಳಿದ್ರಾ?" ಇಲ್ಲ ಎಂದಿದ್ದೆ.

ದಾಳ ಉರುಳಿಸಿದೆ. ಹದಿನೇಳು.

ಬಗ್ಗಿ ಮತ್ತೆ ನೋಡಿದೆ. ಹದಿನೇಳೇ. ಮರೆಯ ಮೇಲಿನಿಂದ ಪ್ರೀತಮನ ಮುಖ ಕಂಡಿತು. ಅವನು ದಾಳದ ಕಡೆಗಲ್ಲ, ನನ್ನ ಬಾಯಿಯ ಕಡೆ ನೋಡುತ್ತಿದ್ದ.

"ಆರು" ಎಂದೆ.

ಯೋಚಿಸಿ ಹೇಳಿದೆ ಎಂದರೆ ಸುಳ್ಳಾಗುತ್ತದೆ, ಯೋಚಿಸದೆ ಹೇಳಿದೆ ಎಂದರೂ ಸುಳ್ಳೇ. ಅನಿಷಾ ಕಣ್ಣ ಮುಂದೆ ಬಂದಳು, ಆ ಹೊಟ್ಟೆ ಹೊತ್ತು ವಿಮಾನ ಹತ್ತುವುದು ಬಂತು. ಇನ್ನೊಂದೂ ಬಂತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ: ಪ್ರೀತಮ್ ಹೋದರೆ ಹಡಗಿಗೆ ಮಾಲುಮಿ ಇಲ್ಲ, ಗುರುವಾರ ಇಲ್ಲ.

ಪ್ರೀತಮ್ ಉಸಿರು ಬಿಟ್ಟ. "ಸಾಕು" ಎಂದ. ಚೀಟಿಯನ್ನು ವಾಪಸು ತೆಗೆದುಕೊಂಡು ಚೂರು ಮಾಡಿ ಚಹಾದ ಲೋಟಕ್ಕೆ ಹಾಕಿದ. ಆಮೇಲೆ ಎರಡು ಸಮೋಸ ತಿಂದ. ಆ ರಾತ್ರಿ ಅವನು ಏನನ್ನಾದರೂ ತಿಂದದ್ದು ಅದೇ ಮೊದಲು.

ಮರುದಿನ ಹೇಳಿಬಿಡೋಣ ಎಂದುಕೊಂಡೆ. ಫೋನಿನಲ್ಲಿ 'ಪ್ರೀತಮ್, ನಿನ್ನೆ' ಎಂದು ಟೈಪ್ ಮಾಡಿ ಅಳಿಸಿದೆ. ಶನಿವಾರವೂ ಹಾಗೆಯೇ. ಇಲ್ಲಿನ ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಕಚೇರಿ ಶುರುವಾಯಿತು. ಉಳಿದದ್ದು ಎರಡೇ ವಾರದ ಕೆಲಸ, ಅದರಲ್ಲಿ ಒಂದು ಮುಗಿಯುತ್ತಾ ಬಂತು ಎಂದು ದಿನ ಎಣಿಸಿದೆ. ಮುಂದಿನ ಗುರುವಾರ ಆಟಕ್ಕೆ ಕುಳಿತಾಗಲೂ ಹೇಳಲಿಲ್ಲ. ಗಾಳಿ ಎದ್ದಿದೆಯೇ ಎಂದು ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಎದುರು ಮನೆಯ ಒಣಹಾಕಿದ ಬಟ್ಟೆಗಳನ್ನು ನೋಡುತ್ತಿದ್ದೆ. ಗಂಡ ರಜತ್ ಕೇಳಿದರು, "ಎಂತ, ಅವರ ಬಟ್ಟೆ ಕಾಯುವ ಕೆಲಸ ಸಿಕ್ಕಿತಾ ನಿನಗೆ?"

ಒಂಬತ್ತನೆಯ ದಿನ ಶಮಾಲ್ ಎಂಬ ಮರಳುಗಾಳಿ ಬೀಸಿತು. ಧೂಳಿನಲ್ಲಿ ಎದುರು ಮನೆಯೇ ಕಾಣದಂತಾಯಿತು. ಮಧ್ಯಾಹ್ನ ಮುಹ್ಸಿನಾ ಫೋನ್ ಮಾಡಿದಳು.

"ವಿನಿತಾ, ಪ್ರೀತಮನ ಸೈಟಲ್ಲಿ ಸ್ಕಾಫೋಲ್ಡಿಂಗ್ ಬಿತ್ತಂತೆ ಮಾರಾಯ್ತಿ. ಇಬ್ರು ಬಿದ್ದಿದ್ದಾರೆ. ಒಬ್ಬ ನಮ್ಮ ಮೊಯಿದಿನ್. ಇವರ ಊರಿನವನು, ಪ್ಲಾಸ್ಟರಿಂಗ್ ಮಾಡುವವ."

"ಜೀವ?" ಎಂದೆ.

"ಜೀವ ಉಂಟು. ಸೊಂಟ ಹೋಗಿದೆ. ನಡೀಲಿಕ್ಕೆ ಆಗ್ತದಾ ಇಲ್ವಾ ಈಗ ಹೇಳ್ಲಿಕ್ಕೆ ಆಗುದಿಲ್ಲ ಅಂತೆ. ಇನ್ನೊಬ್ಬನಿಗೆ ಕೈ ಮಾತ್ರ."

ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದೆವು. ನಾನು, ಸಿರಾಜ್, ಮುಹ್ಸಿನಾ. ಪ್ರೀತಮ್ ಅಲ್ಲಿಗೇ ಬರುತ್ತೇನೆ ಎಂದಿದ್ದ. ರಜತ್ ಕಾರು ನಿಲ್ಲಿಸಲು ಜಾಗ ಸಿಗದೆ ಹೊರಗೇ ಉಳಿದರು.

ಮೊಯಿದಿನಿಗೆ ನಲವತ್ತರ ಹತ್ತಿರ. ಮುಖಕ್ಕೆ ಏನೂ ಆಗಿರಲಿಲ್ಲ. ಹಾಸಿಗೆಯ ಕೆಳಭಾಗ ಮಾತ್ರ ಬೇರೆ ಯಾರದೋ ಎಂಬಂತೆ ಅಲ್ಲಾಡದೆ ಬಿದ್ದಿತ್ತು. ಸಿರಾಜ್ ನನ್ನನ್ನು ತೋರಿಸಿ, "ಇವರು ವಿನಿತಕ್ಕ. ಗುರುವಾರ ಆಟ ಆಡಿಸುದು ಇವರೇ" ಎಂದ.

"ಎಂತ ಆಟ?"

"ಹಡಗಿನದ್ದು. ಹಿಂದಿನ ಕಾಲದ್ದು. ಮೇಜಿನ ಸುತ್ತ ಕೂತು ಬಾಯಲ್ಲೇ ಹಡಗು ಬಿಡುದು."

"ಅಷ್ಟು ದೊಡ್ಡವರು ಆಟ ಆಡುದಾ?" ಮೊಯಿದಿನ್ ನಕ್ಕ. ನಗು ಸೊಂಟದವರೆಗೆ ಇಳಿದಿರಬೇಕು, ಕಣ್ಣು ಮುಚ್ಚಿಕೊಂಡ. "ಗೆಲ್ಲುದು ಯಾರು?"

"ಯಾರೂ ಗೆಲ್ಲುದಿಲ್ಲ. ಯಾರೂ ಸಾಯುದೂ ಇಲ್ಲ. ಅಕ್ಕ ಬಿಡುದಿಲ್ಲ."

"ಹಾಗಾದ್ರೆ ನನ್ನನ್ನೂ ಸೇರಿಸಿ" ಎಂದ ಮೊಯಿದಿನ್. "ಕೂತುಕೊಂಡು ಆಡುದಲ್ವಾ. ನನಗೆ ಆಗ್ತದೆ."

ಮುಹ್ಸಿನಾ ಕಿತ್ತಳೆ ಸುಲಿಯತೊಡಗಿದಳು. ನಾನು ಹೊರಗೆ ಬಂದೆ.

ಪ್ರೀತಮ್ ಪಾರ್ಕಿಂಗಿನಲ್ಲಿ ಒಂದು ಕಂಬಕ್ಕೆ ಒರಗಿ ನಿಂತಿದ್ದ. ಒಳಗೆ ಹೋಗಿರಲಿಲ್ಲ. ಗಡ್ಡ ತೆಗೆದಿರಲಿಲ್ಲ.

"ಅಕ್ಕ, ಆಫೀಸಲ್ಲಿ ಕೇಳಿದ್ರು. ಮೊದಲೇ ನೋಡಿದ್ಯಾ ಅಂತ."

"ಎಂತ ಹೇಳಿದೆ?"

"ಇಲ್ಲ ಅಂದೆ. ರಿಪೋರ್ಟ್ ಹಾಗೇ ಉಂಟು ಫೋನಲ್ಲಿ. ಫೋಟೋ, ತಾರೀಕು, ಎಲ್ಲ. ಕಳಿಸು ಅಂತ ಬಿದ್ದಿದ್ರೆ ಕಳಿಸ್ತಿದ್ದೆ ಅಕ್ಕ. ದೇವರಾಣೆ ಕಳಿಸ್ತಿದ್ದೆ. ರಾತ್ರಿ ನಿದ್ದೆ ಬರುದಿಲ್ಲ. ಮತ್ತೆ ಹೇಳ್ಕೊಳ್ತೇನೆ, ನಾನು ದಾಳವನ್ನು ಕೇಳಿದೆ, ಬೇಡ ಅಂತ ಬಂತು. ಆಮೇಲೆ ಸ್ವಲ್ಪ ಹೊತ್ತು ನಿದ್ದೆ ಬರ್ತದೆ." ಅವನು ತಲೆಯೆತ್ತಿದ. "ಆರೇ ಅಲ್ವಾ ಬಿದ್ದದ್ದು? ನೀವು ಸರಿಯಾಗಿ ನೋಡಿದ್ರಲ್ವಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಹೇಳಿದರೆ ಅವನು ಅಲ್ಲಿಯೇ, ಆ ಕಂಬದ ಪಕ್ಕದಲ್ಲಿಯೇ, ರಿಪೋರ್ಟ್ ಕಳಿಸಿಬಿಡಬಹುದು. ಕಂಪನಿಗೆ ಮೊದಲೇ ಗೊತ್ತಿತ್ತೆಂದು ಹೊರಬಂದರೆ, ಮೊಯಿದಿನ್ ತನ್ನದೇ ಅಜಾಗರೂಕತೆಯಿಂದ ಬಿದ್ದ ಎಂದು ಯಾರೂ ಹೇಳಲಾರರು. ಇದೆಲ್ಲ ನನಗೆ ಸ್ಪಷ್ಟವಾಗಿ ಕಂಡಿತು. ಅದರ ಜೊತೆಗೆ, ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ತನಿಖೆಯವರು ಅವನನ್ನು ಕೇಳುವ ಕೋಣೆ ಕಂಡಿತು. ಆ ಕೋಣೆಯಲ್ಲಿ ಅವನು ನನ್ನ ಹೆಸರು ಹೇಳುವುದು ಕಂಡಿತು.

"ಆರೇ" ಎಂದೆ.

"ಹಾಗಾದ್ರೆ ಸರಿ." ಅವನು ಮುಖ ಒರೆಸಿಕೊಂಡು ಒಳಗೆ ಹೋದ. ಅವನು ಮೆಟ್ಟಿಲು ಹತ್ತುವುದನ್ನು ನೋಡುತ್ತ ನಿಂತೆ. ಬಂದಾಗ ಇದ್ದದ್ದಕ್ಕಿಂತ ಹೆಜ್ಜೆ ಹಗುರಾಗಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು.

ರಜತ್ ಕಾರು ತಂದು ನಿಲ್ಲಿಸಿದರು. "ಹೇಗಿದ್ದಾನೆ?" ಎಂದರು.

"ಮಾತಾಡ್ತಾನೆ. ನಗ್ತಾನೆ."

"ನೀನೆಂತ ಹೀಗೆ ಬಿಳುಚಿದ್ದಿ? ಎಂತದಾದ್ರೂ ಉಂಟಾ?"

ಹತ್ತೊಂಬತ್ತು ವರ್ಷದಲ್ಲಿ ಇದರ ಹೊರತು ಇವರಿಂದ ಮುಚ್ಚಿಟ್ಟದ್ದು ಒಂದೂ ಇಲ್ಲ. ಬೆಲ್ಟ್ ಹಾಕಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ. ಇವರಿಗೆ ಹೇಳಿದರೆ, ಹೋಗಿ ಪ್ರೀತಮನಿಗೆ ಹೇಳು ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡ ಮೇಲೆ ಹೇಳದಿರಲಾಗುವುದಿಲ್ಲ. ಅಲ್ಲಿಯೇ, ಕಾರು ಆಸ್ಪತ್ರೆಯ ಗೇಟು ದಾಟುವ ಮೊದಲು, ಇವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದೆ.

"ಇಲ್ಲ" ಎಂದೆ. "ಆಸ್ಪತ್ರೆಯ ವಾಸನೆ ಅಷ್ಟೆ. ನಡೀರಿ."