ಹಸಿರು ದೀಪ ನಿಲ್ಲುವವರೆಗೆ

"ಇನ್ನೂ ಸ್ವಲ್ಪ ಎಡಕ್ಕೆ... ಸಾಕು, ಸಾಕು, ಕಾಲು ಗೋಡೆಗೆ ತಾಗ್ತದೆ!" ಎಂದು ದರ್ಜಿಯ ಭಾವಮೈದ ಕೂಗಿದ.

ನಾಲ್ವರು ಸೇರಿ ಮಂಚವನ್ನು ಕೆಳಗಿಟ್ಟರು. ದರ್ಜಿ ಬಗ್ಗಿ, ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆಯಲ್ಲಿ ನೋಡಿದ. ಹೆಂಡತಿಯ ಹಣೆ ಕಾಣುತ್ತಿತ್ತು, ಮೂಗು ಕಾಣುತ್ತಿತ್ತು, ಗಲ್ಲ ಮಾತ್ರ ಹೂವಿನ ರಾಶಿಯಲ್ಲಿ ಹೂತುಹೋಗಿತ್ತು. ಅವನು ಹೂಗಳನ್ನು ಎದೆಯ ಕಡೆಗೆ ಸರಿಸಿದ. ಈಗ ಮುಖ ಪೂರ್ತಿ ಬಂತು. ಏನೋ ತಮಾಷೆ ಹೊಳೆದು, ಹೇಳಲೋ ಬೇಡವೋ ಎಂದು ತುಟಿ ಬಿಗಿಹಿಡಿದವಳಂತೆ ಮಲಗಿದ್ದಳು.

"ಈಗ ಅತ್ತೆಗೆ ಕಾಣ್ತದೆ," ಎಂದ.

ಅತ್ತೆ ಎಂದರೆ ಸತ್ತವಳ ತಾಯಿ. ದೂರದ ಊರಿನಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಒಬ್ಬ ನರ್ಸಮ್ಮ ಇದ್ದಳು. ನಿನ್ನೆ ಸುದ್ದಿ ತಿಳಿಸಿದಾಗ ಮುದುಕಿ ಅಳಲಿಲ್ಲವಂತೆ. "ನಾನು ಮುಖ ನೋಡೋವರೆಗೂ ಅವಳನ್ನ ಮನೆಯಿಂದ ಎತ್ತಬೇಡಿ," ಎಂದಷ್ಟೇ ಹೇಳಿದ್ದರಂತೆ. ಬಂದು ನೋಡುವ ಹಾಗಿರಲಿಲ್ಲ. ಕಲ್ಲುಕ್ವಾರಿಯ ಗುಡ್ಡದ ಮಡಿಲಲ್ಲಿದ್ದ ಈ ಬೀದಿಯಲ್ಲಿ ಮೊಬೈಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಳೆಯ ಟೆಲಿಫೋನ್ ತಂತಿಯ ಮೇಲೆ ಬರುವ ಇಂಟರ್ನೆಟ್ಟೇ ಗತಿ. ಮಧ್ಯಾಹ್ನಕ್ಕೆ ಗಾಡಿ ಬರುವುದರೊಳಗೆ ಅತ್ತೆ ಮಗಳ ಮುಖ ನೋಡಬೇಕು. ದರ್ಜಿಗೆ ಇವತ್ತು ಬೇರೆ ಯೋಚನೆಯೇ ಇರಲಿಲ್ಲ. ಅಳುವುದನ್ನೂ ಅದಕ್ಕಾಗಿಯೇ ಆಚೆಗೆ ತಳ್ಳಿದ್ದ.

ಪರದೆಯ ಮೇಲೆ ಮೊದಲು ಒಂದು ಫ್ಯಾನು ಬಂತು. ಆಮೇಲೆ ನರ್ಸಮ್ಮನ ಮೊಣಕೈ. ಆಮೇಲೆ ದಿಂಬಿನ ಮೇಲೆ ಬಿಳಿ ಕೂದಲು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಟ್ರಿಣ್ ಟ್ರಿಣ್ ಎಂದಿತು. ಬಿಳಿ ಕೂದಲು ಇದ್ದಲ್ಲೇ ಕಲ್ಲಾಗಿ, ಚೂರುಚೂರಾಗಿ, ಮಾಯವಾಯಿತು.

ದೂರದ ನೆಂಟರೊಬ್ಬರು ಸಮಾಧಾನ ಹೇಳಲು ಮಾಡಿದ್ದರು. ಭಾವಮೈದ ಮಾತಾಡಿ ಇಟ್ಟ. ಮೋಡೆಮ್ಮಿನ ಹಸಿರು ದೀಪ ಮಿಟುಕುತ್ತಾ ಕೂತಿತು. ಮಿಟುಕಿ ಮಿಟುಕಿ ಕೊನೆಗೆ ನಿಂತಿತು. ಫ್ಯಾನು ಬಂತು, ಮೊಣಕೈ ಬಂತು. ಫೋನು ಟ್ರಿಣ್ ಎಂದಿತು.

"ಹಲೋ, ನಾನು ನರ್ಸು. ಇಲ್ಲಿ ಚಿತ್ರ ಹೋಗ್ಬಿಡ್ತು ಅಂತ ಹೇಳೋಕೆ ಮಾಡ್ದೆ."

"ಬಂದಿತ್ತಲ್ಲಮ್ಮಾ ಈಗ ತಾನೆ!"

"ಹೌದಾ? ಮತ್ತೆ ಹೋಯ್ತಲ್ಲ!"

ಹೀಗೇ ಇನ್ನೊಂದು ಸಲ, ಮತ್ತೊಂದು ಸಲ. ಭಾವಮೈದ ಮೋಡೆಮ್ಮಿನ ತಲೆಗೆ ಎರಡು ತಟ್ಟಿದ. "ಇದಕ್ಕೆ ಇವತ್ತೇ ಕೆಡೋಕೆ ಮುಹೂರ್ತ ಸಿಕ್ತಾ?"

"ಹೊಡೀಬೇಡಪ್ಪ, ಅದೇನು ನಿನ್ನ ಸ್ಕೂಟರಾ?" ಎಂದಳು ಪಕ್ಕದ ಬೇಕರಿಯಾಕೆ. ಬೆಳಗ್ಗೆಯಿಂದ ಈ ಕೋಣೆಯನ್ನು ಗುಡಿಸಿ, ಒರೆಸಿ, ಮೇಜು ಸರಿಸಿ, ಜನ ಕೂರಲು ಜಾಗ ಮಾಡಿದವಳು ಅವಳೇ. "ನಮ್ಮ ಲೈನಮ್ಮ ಇದ್ದಿದ್ರೆ..." ಎಂದು ಶುರುಮಾಡಿ, ಮಂಚದ ಕಡೆ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

*

ಅವಳನ್ನು ಊರೆಲ್ಲ ಲೈನಮ್ಮ ಎನ್ನುತ್ತಿತ್ತು. ಟೆಲಿಫೋನ್ ಲೈನು ರಿಪೇರಿ ಮಾಡುತ್ತಿದ್ದ ಹೆಂಗಸು ಅವಳೊಬ್ಬಳೇ. ದರ್ಜಿಯ ಅಂಗಡಿಗೆ ಅವಳು ಮೊದಲು ಬಂದದ್ದೂ ಸತ್ತ ಫೋನಿನ ದೂರಿಗೇ. ಭುಜಕ್ಕೆ ಚೀಲ, ಕಾಲಿಗೆ ಗಂಡಸರ ಬೂಟು. ಗೋಡೆಯುದ್ದಕ್ಕೂ ತಂತಿಯನ್ನು ಬೆರಳಲ್ಲಿ ಸವರುತ್ತಾ ಹೋದವಳು ಒಂದು ಕಡೆ ನಿಂತಳು. ಅಲ್ಲಿ ಅಳತೆಪಟ್ಟಿ ತೂಗುಹಾಕಲು ಅವನು ಹಿಂದಿನ ದಿನವಷ್ಟೇ ಮೊಳೆ ಹೊಡೆದಿದ್ದ. ಮೊಳೆ ತಂತಿಯ ನಡುವೆಯೇ ಇಳಿದಿತ್ತು.

"ಎಷ್ಟು ನೇರ ಹೊಡೆದಿದ್ದೀರಿ! ಬೇಕು ಅಂತ ಹೊಡೆದ್ರೂ ಇಷ್ಟು ಸರಿಯಾಗಿ ಬೀಳಲ್ಲ," ಎಂದು ನಕ್ಕಳು.

ತಂತಿ ಕತ್ತರಿಸಿ, ಸಿಪ್ಪೆ ಸುಲಿದು, ತಾಮ್ರದ ಎರಡು ಎಳೆಗಳನ್ನು ಹೊಸದಾಗಿ ಹೆಣೆದಳು. ಬಳಿಕ ಚೀಲದಿಂದ ಒಂದು ಹ್ಯಾಂಡ್‌ಸೆಟ್ ತೆಗೆದು ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಜೊತೆಗಾರನನ್ನು ಕೇಳಿದಳು: "ಸಿಕ್ತಾ?"

"ಸಿಕ್ತು," ಎಂದಿತು ಆ ತುದಿ.

ಅವಳ ಕೆಲಸವೆಲ್ಲ ಈ ಎರಡು ಮಾತಿನ ನಡುವೆ ನಡೆಯುತ್ತಿತ್ತು. ಆ ಮೊಳೆಯ ನಂತರ ದರ್ಜಿಯ ಫೋನು ಪದೇ ಪದೇ ಕೆಡತೊಡಗಿತು. ಏಕೆಂದು ಅವಳು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಮದುವೆಯ ಮಾತು ಬಂದಾಗ ಅವಳ ತಾಯಿ, "ಸೂಜಿ ಹಿಡಿಯೋ ಗಂಡಸು, ಕಂಬ ಹತ್ತೋ ಹೆಂಗಸು, ಇದೆಂಥಾ ಸಂಸಾರ?" ಎಂದಿದ್ದರು. ಆ ಮಾತು ಅವನ ಕಿವಿಗೂ ಬಿತ್ತು. ಮುಂದೆ ಜಗಳವೇನೂ ಆಗಲಿಲ್ಲ. ಆದರೆ ಮಾತೂ ಆಗಲಿಲ್ಲ. "ಅಳಿಯಂದಿರು ಊಟ ಮಾಡಿದ್ರಾ ಕೇಳು," ಎಂದು ಅವರು ಮಗಳಿಗೆ ಹೇಳುವರು. "ಆಯ್ತು ಅಂತ ಹೇಳು," ಎಂದು ಇವನು ಹೆಂಡತಿಗೆ ಹೇಳುವನು. ಇಬ್ಬರಿಗೂ ಅದೇ ರೂಢಿಯಾಗಿ, ಬದುಕೇ ಸವೆದುಹೋಗಿತ್ತು.

*

ಹೊರಗೆ ಗಾಡಿಯ ಹಾರನ್ನು ಕೇಳಿಸಿತು. ಡ್ರೈವರ್ ಬಾಗಿಲಿಗೆ ಬಂದು, ಒಳಗಿನ ಮೌನ ನೋಡಿ ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡಿ. ನಂಗೆ ಇನ್ನೊಂದು ಮನೆಗೂ ಹೋಗೋದಿದೆ."

"ಸ್ವಲ್ಪ ತಡೀರಣ್ಣ, ನಮ್ಮಮ್ಮ ನೋಡ್ಬೇಕು," ಎಂದ ಭಾವಮೈದ. ಅವನ ಕಣ್ಣು ಕೆಂಪಾಗಿತ್ತು. ಮೋಡೆಮ್ಮಿಗೆ ಹೊಡೆದ ಕೈಯಿಂದಲೇ ಈಗ ಅದನ್ನು ನೇವರಿಸುತ್ತಿದ್ದ.

ಫೋನು ಮತ್ತೆ ಬಡಿದುಕೊಂಡಿತು. ದರ್ಜಿ ಈ ಸಲ ಪರದೆಯನ್ನು ನೋಡಲಿಲ್ಲ, ಹಸಿರು ದೀಪವನ್ನು ನೋಡಿದ. ಮೊದಲ ಟ್ರಿಣ್ ಮುಗಿಯುವ ಮೊದಲೇ ಅದು ಆರಿಹೋಯಿತು.

ಹೆಂಡತಿ ಹಿಂದೆ ಹೇಳಿದ್ದೊಂದು ಅವನಿಗೆ ನೆನಪಾಯಿತು.

*

ಈ ಮೋಡೆಮ್ಮನ್ನು ತಂದ ದಿನ ಅವಳು ಅದನ್ನು ಹೊಲಿಗೆ ಮಿಷಿನ್ನಿನ ಪಕ್ಕವೇ ಇಟ್ಟು ಜೋಡಿಸಿದ್ದಳು. ಗೋಡೆಯ ತಂತಿಗೂ ಫೋನು, ಮೋಡೆಮ್ಮು ಎರಡಕ್ಕೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಯೊಂದನ್ನು ಸೇರಿಸಿದಳು.

"ಇದು ಸ್ಪ್ಲಿಟರು. ಜರಡಿ ಅಂದ್ಕೊಳ್ಳಿ. ಒಂದೇ ತಂತೀಲಿ ಮಾತೂ ಬರ್ತದೆ, ಚಿತ್ರವೂ ಬರ್ತದೆ. ಮಾತನ್ನ ಫೋನಿಗೆ ಕಳಿಸ್ತದೆ, ಚಿತ್ರಾನ ಮೋಡೆಮ್ಮಿಗೆ. ಇದಿಲ್ದಿದ್ರೆ ಒಂದರ ಮೇಲೊಂದು ಬಿದ್ದು ಒದ್ದಾಡ್ತವೆ."

"ಈ ದೀಪ ಯಾಕೆ ಹಿಂಗೆ ಕಣ್ಣು ಹೊಡೀತದೆ?" ಎಂದು ಕೇಳಿದ್ದ.

"ನಿಮಗಲ್ಲ ಹೊಡೀತಿರೋದು, ಆಸೆ ಪಡಬೇಡಿ. ಎಕ್ಸ್‌ಚೇಂಜಲ್ಲಿರೋ ಆ ತುದೀನ ಹುಡುಕ್ತಾ ಇದೆ. ಸಿಕ್ಕಿದ ಮೇಲೆ ನಿಲ್ತದೆ. ಅಲ್ಲೀವರೆಗೂ ಮುಟ್ಟಬಾರದು, ತಟ್ಟಬಾರದು, ಸುಮ್ನೆ ಕೂತಿರಬೇಕು."

"ನಂಗೆ ಅಷ್ಟು ಸಹನೆ ಇಲ್ಲಪ್ಪ."

"ಗುಂಡಿಗೆ ಕಾಜ ಹಾಕೋ ಮನುಷ್ಯ ಹೇಳೋ ಮಾತಾ ಇದು?" ಎಂದು ಅವನ ಬೆನ್ನಿಗೆ ಗುದ್ದಿದ್ದಳು.

*

ದರ್ಜಿ ಮೇಜಿನ ಹಿಂದೆ ಬಗ್ಗಿ ನೋಡಿದ. ಬಿಳಿ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಎರಡು ಬಾಯಿಯ ಹಳೇ ಪ್ಲಗ್ಗು ಇತ್ತು.

"ಇದನ್ನ ಯಾರು ಹಾಕಿದ್ದು?"

"ನಾನೇ, ಭಾವ. ಮೇಜು ಸರಿಸಿದಾಗ ಎಲ್ಲ ಕಿತ್ತು ಬಂದಿತ್ತು. ಡ್ರಾಯರಲ್ಲಿ ಇದು ಸಿಕ್ತು, ಸೇರಿಸ್ದೆ. ತಪ್ಪಾಯ್ತಾ?"

"ತಪ್ಪೇನಿಲ್ಲ ಬಿಡು. ಫೋನ್ ಬಡ್ಕೊಂಡಾಗೆಲ್ಲ ಚಿತ್ರ ಹೋಗ್ತಿದೆ, ಅಷ್ಟೆ. ಚಿತ್ರ ಹೋಯ್ತು ಅಂತ ಅವರು ಫೋನ್ ಮಾಡ್ತಾರೆ, ಅದಕ್ಕೇ ಮತ್ತೆ ಹೋಗ್ತದೆ. ಸ್ಪ್ಲಿಟರ್ ಹುಡುಕ್ತಾ ಕೂರೋಕೆ ಹೊತ್ತಿಲ್ಲ, ಫೋನ್ ತೆಗೆದುಬಿಡ್ತೀನಿ."

ಭಾವಮೈದ ಹೌಹಾರಿದ. "ಬೇಡ ಭಾವ! ಅಮ್ಮನ ಹತ್ರ ಗಟ್ಟಿಯಾಗಿ ಸಿಗ್ತಿರೋದು ಇದೊಂದೇ. ಇದನ್ನೂ ಕಿತ್ತು, ಅದೂ ಬರದಿದ್ರೆ? ಅಮ್ಮ ಅಲ್ಲಿ ಒಬ್ಬಳೇ ಏನಂದ್ಕೋತಾಳೆ?"

ಅದೂ ನಿಜವೇ. ದರ್ಜಿ ಫೋನೆತ್ತಿದ. ನರ್ಸಮ್ಮ "ಹೋಯ್ತು ಸಾರ್" ಎಂದು ಶುರುಮಾಡಿದಳು.

"ಅತ್ತೆ ಕೈಗೆ ಕೊಡಮ್ಮ."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ತುದಿಯಲ್ಲಿ ಬಟ್ಟೆ ಸರಿದಾಡಿದ ಸದ್ದು. ಮುದಿ ಉಸಿರು.

"ಅತ್ತೆ, ನಾನು..." ಎಂದ. ನಾನು ಅಂದರೆ ಯಾರು ಎಂದು ಹೇಗೆ ಹೇಳಬೇಕೋ ತೋಚಲಿಲ್ಲ. "ನಾನು ಮಾತಾಡ್ತಿರೋದು. ಈಗ ಈ ಫೋನ್ ತೆಗೀತೀನಿ. ಚಿತ್ರ ಬರೋಕೆ ತಡ ಆಗ್ತದೆ. ಏನೂ ಕೇಳಿಸಲ್ಲ, ಏನೂ ಕಾಣಿಸಲ್ಲ. ಭಯ ಬೀಳ್ಬೇಡಿ, ಫೋನ್ ಮಾಡಿಸ್ಬೇಡಿ. ನೀವು ನೋಡೋವರೆಗೂ ನಾನು ಅವಳನ್ನ ಕಳಿಸಲ್ಲ."

"ಆಯ್ತು. ಕಾಯ್ತೀನಿ," ಎಂದರು ಅತ್ತೆ.

ಅವನು ಫೋನಿನ ತಂತಿಯನ್ನು ಎಳೆದು ತೆಗೆದ.

ದೀಪ ಮಿಟುಕಿತು. ಬೇಕರಿಯಾಕೆ ಉಸಿರು ಬಿಗಿಹಿಡಿದು ನಿಂತಳು. ಭಾವಮೈದ ಎರಡು ಕೈಗಳನ್ನೂ ಕಂಕುಳಲ್ಲಿ ಬಂಧಿಸಿಕೊಂಡ. ಡ್ರೈವರ್ ಕೂಡ ಚಪ್ಪಲಿ ಬಿಟ್ಟು ಒಳಗೆ ಬಂದು, ಏನು ನೋಡುತ್ತಿದ್ದಾರೆಂದು ತಿಳಿಯದಿದ್ದರೂ ಎಲ್ಲರ ಜೊತೆ ಆ ದೀಪವನ್ನೇ ನೋಡಿದ. ಮಿಟುಕಿತು, ಮಿಟುಕಿತು, ನಿಂತಿತು.

ಫ್ಯಾನು. ಮೊಣಕೈ. ಬಿಳಿ ಕೂದಲು. ಆಮೇಲೆ ಅತ್ತೆಯ ಎರಡು ಕಣ್ಣುಗಳು, ಪರದೆಗೆ ತೀರ ಹತ್ತಿರ.

ಕೆನ್ನೆಯ ಸುಕ್ಕುಗಳಲ್ಲಿ ನೀರು ದಾರಿ ಹುಡುಕಿಕೊಂಡು ಇಳಿಯಿತು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಬೈತಲೆ ಸೊಟ್ಟ ತೆಗೆದಿದ್ದೀರಲ್ಲ."

ದರ್ಜಿ ಬಾಚಣಿಗೆ ತಂದ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಷ್ಟೇ ಎಚ್ಚರದಿಂದ ಬೈತಲೆ ತೆಗೆದ.

"ಹ್ಞಾ. ಅವಳ ಬಲಗೈ ಸ್ವಲ್ಪ ತೋರಿಸಿ."

ಅವನು ಹೂಗಳ ನಡುವಿನಿಂದ ಆ ಕೈಯನ್ನೆತ್ತಿ ಹಿಡಿದ. ತಂತಿಯ ಸಿಪ್ಪೆ ಸುಲಿದೂ ಸುಲಿದೂ ಹೆಬ್ಬೆರಳ ತುದಿ ಗಟ್ಟಿಕಟ್ಟಿತ್ತು.

"ಚಿಕ್ಕೋಳಿದ್ದಾಗ ಮನೇಲಿದ್ದ ರೇಡಿಯೋನ ಬಿಚ್ಚಿ ಚಾಪೆ ಮೇಲೆ ಹರಡಿದ್ಲು. ನಾನು ಬಾಸುಂಡೆ ಬರೋ ಹಾಗೆ ಬಾರಿಸ್ದೆ. ಅಳ್ತಾ ಅಳ್ತಾನೇ ಮತ್ತೆ ಜೋಡಿಸಿ ಹಾಡಿಸಿದ್ಲು, ಪೋಲಿ." ಮುದುಕಿ ಅಳುತ್ತಲೇ ನಕ್ಕರು. ಮಂಚದ ಸುತ್ತ ನಿಂತವರೂ ನಕ್ಕರು. "ಅಳಿಯಂದಿರೇ, ನೋಡಿದೆ. ಇನ್ನು ಕಳಿಸಿಕೊಡಿ."

ಅವರು ಹಾಗೆ ಕರೆದದ್ದನ್ನು ದರ್ಜಿ ಗಮನಿಸಿದನೋ ಇಲ್ಲವೋ. ಅವನು ಆಗಷ್ಟೇ, ಆ ಗಟ್ಟಿ ಹೆಬ್ಬೆರಳನ್ನು ಹಣೆಗೊತ್ತಿಕೊಂಡು, ಬೆಳಗಿನಿಂದ ಆಚೆಗೆ ತಳ್ಳಿದ್ದನ್ನೆಲ್ಲ ಅತ್ತು ಮುಗಿಸುವುದರಲ್ಲಿದ್ದ.

*

ಗಾಡಿಗೆ ಏರಿಸುವಾಗ ಹೆಗಲು ಕೊಟ್ಟವರಲ್ಲಿ ಎಕ್ಸ್‌ಚೇಂಜಿನ ಜೊತೆಗಾರನೂ ಇದ್ದ. ಸ್ಮಶಾನದಿಂದ ಬಂದ ಮೇಲೆ ಅವನು ಜಗುಲಿಯ ಮೇಲೆ ಕುಸಿದು ಕೂತ.

"ಅವಳ ಮುಖಕ್ಕಿಂತ ಅವಳ ದನಿ ನಂಗೆ ಜಾಸ್ತಿ ಪರಿಚಯ, ಮಾರಾಯ್ರೇ. ಕಂಬದ ಮೇಲಿದ್ರೂ ಸರಿ, ಗುಂಡಿಯೊಳಗಿದ್ರೂ ಸರಿ, 'ಸಿಕ್ತಾ?' ಅನ್ನೋಳು. ನಾನು ಚಹಾ ಕುಡೀತಾ ಕೂತು ಸುಮ್ನೆ 'ಸಿಕ್ತು' ಅಂದ್ರೆ ಗೊತ್ತಾಗ್ಬಿಡ್ತಿತ್ತು. 'ಲೋಟ ಕೆಳಗಿಟ್ಟು ನೋಡಿ ಹೇಳೋ' ಅಂತ ಬೈಯೋಳು."

ದರ್ಜಿ ಬೆಳಗಿನ ಕತೆ ಹೇಳಿದ. ಜೊತೆಗಾರ ಎದ್ದು ಕೂತ. "ಹಂಗಾದ್ರೆ ಸ್ಪ್ಲಿಟರ್ ಎಲ್ಲಿ ಹೋಯ್ತು?"

"ಅದ್ಯಾವುದು?" ಎಂದಳು ಬೇಕರಿಯಾಕೆ.

"ಇಷ್ಟು ಗಾತ್ರದ್ದು, ಬಿಳಿ ಡಬ್ಬಿ."

ಬೇಕರಿಯಾಕೆ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅದು ಹೊಲಿಗೆ ಮಿಷಿನ್ದು ಅಂದ್ಕೊಂಡು ಗುಂಡಿ ಡಬ್ಬಕ್ಕೆ ಹಾಕಿದ್ನಲ್ಲ ಅಣ್ಣಾ!"

ಕೋಟಿನ ಗುಂಡಿಗಳ ನಡುವೆ ಅದು ತಣ್ಣಗೆ ಮಲಗಿತ್ತು.

ತಾನು ಹಾಕಿಕೊಡುತ್ತೇನೆಂದು ಜೊತೆಗಾರ ಕೈ ಚಾಚಿದ. "ಇರಲಿ, ನಾನೇ ಹಾಕ್ತೀನಿ. ನೀವು ನೋಡಿ ಹೇಳಿ," ಎಂದ ದರ್ಜಿ. ಗೋಡೆಯ ತಂತಿಯನ್ನು ಡಬ್ಬಿಗೆ ಕೊಟ್ಟ. ಡಬ್ಬಿಯಿಂದ ಒಂದು ತಂತಿ ಫೋನಿಗೆ, ಒಂದು ಮೋಡೆಮ್ಮಿಗೆ. ಸ್ವಿಚ್ ಒತ್ತಿ, ಕೈ ಕಟ್ಟಿ ಕೂತ.

ತಾಯಿ ಮಗಳು ದಿನಾ ಮಾತಾಡುತ್ತಿದ್ದದ್ದು ಇದೇ ಸಂಜೆಯ ಹೊತ್ತಿಗೆ. ದೀಪ ಮಿಟುಕಿ ನಿಲ್ಲುತ್ತಿದ್ದಂತೆ ಆ ಕಡೆಯಿಂದ ಕರೆ ಬಂತು. ಅತ್ತೆ ತಲೆ ಬಾಚಿಕೊಂಡಿದ್ದರು.

"ಊಟ ಮಾಡಿದ್ರಾ?" ಎಂದರು.

"ಇನ್ನೂ ಇಲ್ಲ ಅತ್ತೆ. ನೀವು?"

"ನನಗೂ ಗಂಟಲಲ್ಲಿ ಇಳೀಲಿಲ್ಲ. ನೀವು ಒಂದು ತಟ್ಟೆ ಹಾಕಿಸ್ಕೊಂಡು ಬಂದು ಇಲ್ಲೇ ಕೂತ್ಕೊಳ್ಳಿ. ನಾನೂ ಒಂದು ತುತ್ತು ನೋಡ್ತೀನಿ."

ಬೇಕರಿಯಾಕೆ ತಟ್ಟೆ ತಂದಿಟ್ಟಳು. ಅವನು ಮೊದಲ ತುತ್ತು ಎತ್ತುವಷ್ಟರಲ್ಲಿ ಮೇಜಿನ ಮೇಲಿನ ಫೋನು ಟ್ರಿಣ್ ಎಂದಿತು. ಅವನ ಕೈ ಅಲ್ಲೇ ನಿಂತಿತು.

"ತಗೊಳ್ಳಿ, ಯಾರೋ ಏನೋ. ನಾನಿಲ್ಲೇ ಇರ್ತೀನಿ," ಎಂದರು ಅತ್ತೆ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಅದರ ಪಕ್ಕದಲ್ಲಿ ಹಸಿರು ದೀಪ ಕದಲದೆ ಉರಿಯುತ್ತಿತ್ತು.